ನೇರವಾದ ಕೋಲು, ಡೊಂಕಾದ ಕೈ



ಹೊಸದಾಗಿ ಏನನ್ನು ಕೊಂಡರೂ ಮೊದಲು ದೇವಾಲಯದ ಬಾಗಿಲಿಗೆ ತರುವ ಒಳ್ಳೆಯ ರೂಢಿ ನಮ್ಮ ಜನರಲ್ಲಿದೆ. ಸ್ಕೂಟರ್, ಆಟೋ, ಹೊಲಿಗೆ ಯಂತ್ರ, ಮಕ್ಕಳ ಶಾಲೆಯ ಚೀಲ, ಎಲ್ಲದರ ಮೇಲೂ ನಾನು ತೀರ್ಥ ಚಿಮುಕಿಸಿದ್ದೇನೆ. ಆದರೆ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಬ್ಬ ಯುವಕ ಉದ್ದನೆಯ ಚೀಲವೊಂದನ್ನು ಹಿಡಿದು ಬಂದು, "ಸ್ತೋತ್ರ ಫಾದರ್, ಇದನ್ನು ಆಶೀರ್ವದಿಸಿ" ಎಂದಾಗ ಒಳಗೇನಿದೆಯೋ ಎಂದು ಒಂದು ಕ್ಷಣ ಗಾಬರಿಯಾಯಿತು. ತೆರೆದು ತೋರಿಸಿದ. ಪೂಲ್ ಆಟದ ಕ್ಯೂ. ಎರಡು ತುಂಡು; ನಡುವೆ ತಿರುಪು ಹಾಕಿ ಜೋಡಿಸಿದರೆ ಸುಮಾರು 58 ಅಂಗುಲ ಉದ್ದದ ನುಣುಪಾದ ಕೋಲು.

ಅದು ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ಮಾಲಲ್ಲ. ಅವನ ಎತ್ತರ, ತೋಳಿನ ಉದ್ದ, ಕೋಲನ್ನು ಹಿಡಿಯುವ ಬಗೆ, ಕೈಗೆ ಹಿತವಾಗುವ ತೂಕ, ಎಲ್ಲವನ್ನೂ ಕೇಳಿ ಬರೆದುಕೊಂಡು ಅವನಿಗಾಗಿಯೇ ಮಾಡಿದ್ದು. ಮುಂಭಾಗ ಮೇಪಲ್ ಮರ, ಹಿಡಿಯ ಕಡೆ ಎಬೊನಿ, ತುದಿಗೆ ಚರ್ಮದ ಟಿಪ್ಪು. ತಿಂಗಳುಗಟ್ಟಲೆ ಸಂಬಳದಲ್ಲಿ ಉಳಿಸಿ, ತಿಂಗಳುಗಟ್ಟಲೆ ಕಾದು ಪಡೆದದ್ದು. "ಕೋಲಿಗೆ ಆಶೀರ್ವಾದ ಬೇಕೋ, ಗೆಲುವಿಗೋ?" ಎಂದು ನಗೆಯಾಡಿ, ಪ್ರಾರ್ಥಿಸಿ ಕಳುಹಿಸಿದೆ.

ಒಂದು ತಿಂಗಳು ಕಳೆದಿರಬೇಕು. ಅದೇ ಯುವಕ ಮುಖ ಬಾಡಿಸಿಕೊಂಡು ಬಂದ. "ಫಾದರ್, ಹಳೇ ಕೋಲಿನಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಚೆಂಡು ಈಗ ಬೀಳುತ್ತಿಲ್ಲ. ನನ್ನ ಅಳತೆಗೇ ಮಾಡಿಸಿದ್ದು, ನನಗೇ ಹೊಂದುತ್ತಿಲ್ಲ. ಮಾರಿಬಿಡೋಣ ಅನ್ನಿಸಿದೆ."

"ಕ್ಲಬ್ಬಿನಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳು" ಎಂದೆ. ಮುಂದಿನ ವಾರ ಬಂದು ಅವನು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಆ ಕ್ಲಬ್ಬಿನಲ್ಲಿ ಬಹಳ ವರ್ಷಗಳಿಂದ ಮಾರ್ಕರ್ ಕೆಲಸ ಮಾಡುತ್ತಿರುವ ವಯಸ್ಸಾದವರೊಬ್ಬರಿದ್ದಾರೆ. ಅವರು ಮಾತಾಡದೆ ಅವನ ಹಳೆಯ ಕೋಲನ್ನು ಮೇಜಿನ ಮೇಲಿಟ್ಟು ಉರುಳಿಸಿದರಂತೆ. ಅದು ತಟ್ಟಾಡಿಕೊಂಡು, ಕುಣಿದುಕೊಂಡು ಹೋಯಿತು. ಹೊಸದನ್ನು ಉರುಳಿಸಿದರು. ಅದು ಸದ್ದಿಲ್ಲದೆ ಸಮನಾಗಿ ಉರುಳಿತು. ಆಮೇಲೆ ಹೇಳಿದರಂತೆ: "ತಮ್ಮಾ, ಇಷ್ಟು ವರ್ಷ ನೀನು ಆಡಿದ್ದು ಡೊಂಕು ಕೋಲಿನಲ್ಲಿ. ಅದರ ಡೊಂಕಿಗೆ ತಕ್ಕಂತೆ ನಿನ್ನ ಕೈಯೂ ಡೊಂಕಾಗಿದೆ. ಈಗ ನೇರವಾದ ಕೋಲು ಕೊಟ್ಟರೆ ಡೊಂಕು ಕೈ ಏನು ಮಾಡೀತು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಇಲ್ಲಿ ಮಾತು ಇನ್ನೂ ಸೂಕ್ಷ್ಮವಾದುದು. ಈ ಯುವಕನಿಗೆ ಕುಣಿಯಲು ಬರುತ್ತಿತ್ತು. ಡೊಂಕು ನೆಲದ ಮೇಲೆ ಕುಣಿಯಲು ಚೆನ್ನಾಗಿ ಕಲಿತಿದ್ದ. ನೆಲವನ್ನು ಸಮ ಮಾಡಿಕೊಟ್ಟಾಗ ಮುಗ್ಗರಿಸಿದ.

'ಸ್ವಾಮಿಗಳಿಗೆ ಪೂಲ್ ಆಟದ ಉಸಾಬರಿ ಏಕೆ?' ಎಂದು ಕೆಲವರು ಕೇಳಬಹುದು. ಆಟವೆಂದರೆ ಪಾಪಕ್ಕೆ ಹತ್ತಿರ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆದರೆ ಸಂತ ಥಾಮಸ್ ಅಕ್ವಿನಾಸರು ಆಟದಲ್ಲಿಯೂ ಒಂದು ಸದ್ಗುಣವಿದೆ ಎಂದೇ ಬೋಧಿಸಿದರು. ಹಿಂದಿನ ಕಾಲದ ಪಿತೃಗಳು ಹೇಳುತ್ತಿದ್ದ ಒಂದು ಕತೆಯನ್ನೂ ಅವರು ನೆನೆಯುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಯೊವಾನ್ನರು, ಬಾಣ ಬಿಡುತ್ತಲೇ ಇರಲು ಸಾಧ್ಯವೇ ಎಂದು ಕೇಳಿದರಂತೆ. ಎಡೆಬಿಡದೆ ಬಿಗಿದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಸಂತರು. ಕೋಲು ಮತ್ತು ಚೆಂಡಿನ ಈ ಆಟಗಳಿಂದ ನಮ್ಮ ದೇಶಕ್ಕೆ ಕೀರ್ತಿಯೂ ಬಂದಿದೆ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲಿಯೂ ಸೇರಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ತಂದಿದ್ದಾರೆ. ಆದ್ದರಿಂದ ಆಟವನ್ನು ಹೀಗಳೆಯದೆ, ಅದು ಹೇಳುವ ಪಾಠವನ್ನು ಕೇಳೋಣ.

ಆ ಯುವಕನ ಕೈಯಲ್ಲಿ ನಿಜವಾಗಿ ನಡೆದದ್ದೇನು? ಬಿಳಿಯ ಚೆಂಡನ್ನು ನಟ್ಟನಡುವೆ ಹೊಡೆದರೆ ಅದು ಕೋಲಿನ ದಿಕ್ಕಿನಲ್ಲೇ ಹೋಗುತ್ತದೆ. ತಿರುಗು ಕೊಡಲೆಂದು ಬಲಪಕ್ಕಕ್ಕೆ ಹೊಡೆದರೆ ಅದು ಸ್ವಲ್ಪ ಎಡಕ್ಕೆ ಸರಿದು ಹೊರಡುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕೋಲಿನ ಮುಂಭಾಗದ ತೂಕ, ದಪ್ಪಗಳನ್ನು ಅವಲಂಬಿಸಿದೆ. ಆಡುತ್ತಾ ಆಡುತ್ತಾ ಆಟಗಾರನ ಕೈ ತಾನಾಗಿಯೇ ಅಷ್ಟು ಅಂತರವನ್ನು ಬಿಟ್ಟು ಗುರಿ ಹಿಡಿಯುವುದನ್ನು ಕಲಿಯುತ್ತದೆ. ತಾನು ಹೀಗೆ ಮಾಡುತ್ತಿದ್ದೇನೆ ಎಂಬ ಅರಿವೂ ಅವನಿಗಿರುವುದಿಲ್ಲ. ಚೆಂಡನ್ನು ಕಡಿಮೆ ಸರಿಸುವ ಹೊಸ ಕೋಲು ಬಂದಾಗ, ಹಳೆಯ ಅಂತರವನ್ನೇ ಬಿಟ್ಟ ಕೈ ಗುರಿ ತಪ್ಪುತ್ತದೆ. ಕೋಲು ಸುಳ್ಳಾಡುತ್ತಿಲ್ಲ. ಕೈಯ ಹಳೆಯ ಲೆಕ್ಕ ಈಗ ಹೊಂದುತ್ತಿಲ್ಲ, ಅಷ್ಟೇ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ಇದಕ್ಕೆ ಸರಿಹೊಂದುವ ಮಾತೊಂದನ್ನು ಕಂಡಿದ್ದೆ. ನಾವು ಯಾವ ದೋಷದ ಕಡೆ ವಾಲಿದ್ದೇವೆಯೋ ಅದರ ಎದುರು ದಿಕ್ಕಿಗೆ ನಮ್ಮನ್ನು ಎಳೆದುಕೊಳ್ಳಬೇಕು, ಬಾಗಿದ ಮರವನ್ನು ನೇರ ಮಾಡುವವರು ಹಾಗೆಯೇ ಮಾಡುತ್ತಾರೆ ಎನ್ನುತ್ತಾನೆ ಆತ. ಎಳೆಯುವಾಗ ಮರಕ್ಕೆ ಹಿತವಾಗಿರುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಇದನ್ನು ಇನ್ನೂ ಬಿಡಿಸಿ ಹೇಳಿದರು. ಸದ್ಗುಣವೆಂದರೆ ಒಂದು ದಿನದ ಒಳ್ಳೆಯ ಕೆಲಸವಲ್ಲ, ನಮ್ಮೊಳಗೆ ನೆಲೆಯೂರಿದ ಸ್ವಭಾವ. ನಮ್ಮ ಪ್ರಯತ್ನದಿಂದ ಬರುವ ಸದ್ಗುಣ ಒಂದೇ ಕ್ರಿಯೆಯಿಂದ ಬರದು, ಪದೇ ಪದೇ ಮಾಡಿದಾಗ ಬೇರು ಬಿಡುತ್ತದೆ. ಮಾಡುವುದನ್ನು ನಿಲ್ಲಿಸಿದರೆ ಸೊರಗುತ್ತದೆ. ದುರ್ಗುಣವೂ ಹಾಗೆಯೇ ಬೇರು ಬಿಡುತ್ತದೆ ಎಂಬುದನ್ನು ನಾವು ಮರೆಯಬಾರದು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಒಗ್ಗಿಕೊಳ್ಳುವುದು ಸದ್ಗುಣವೇ? 'ಹೊಂದಿಕೊಂಡು ಹೋಗು' ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಹೇಳುವ ಬುದ್ಧಿಮಾತು. ಅದು ಯಾವಾಗಲೂ ಸರಿಯೇ?

ಶ್ರೀಗ್ರಂಥ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಸಮುವೇಲನ ಮೊದಲನೆಯ ಗ್ರಂಥದ 17ನೆಯ ಅಧ್ಯಾಯವನ್ನು ತೆರೆದು ನೋಡಿ. ಗೊಲ್ಯಾತನೊಡನೆ ಹೋರಾಡಲು ಹೊರಟ ದಾವೀದನಿಗೆ ಅರಸ ಸೌಲನು ತನ್ನ ಶಿರಸ್ತ್ರಾಣವನ್ನೂ ಕವಚವನ್ನೂ ತೊಡಿಸುತ್ತಾನೆ. ದಾವೀದನು ನಡೆಯಲು ನೋಡುತ್ತಾನೆ, ಆಗುವುದಿಲ್ಲ. ಇವುಗಳ ಅಭ್ಯಾಸ ನನಗಿಲ್ಲ ಎಂದು ತೆಗೆದಿಟ್ಟು, ಹಳ್ಳದ ಐದು ಕಲ್ಲುಗಳನ್ನೂ ಕವಣೆಯನ್ನೂ ಹಿಡಿದು ಹೋಗುತ್ತಾನೆ. ಅಲ್ಲಿ ಒಗ್ಗಿಕೊಳ್ಳದಿರುವುದೇ ವಿವೇಕವಾಯಿತು. ಆ ಕವಚ ಕೆಟ್ಟದ್ದಾಗಿರಲಿಲ್ಲ, ಅದು ಸೌಲನ ಕವಚವಾಗಿತ್ತು. ಬೇರೊಬ್ಬರ ಕವಚವನ್ನು ತೊಟ್ಟು ಕುಗ್ಗಿದ ಮಕ್ಕಳು ನಮ್ಮಲ್ಲೂ ಇದ್ದಾರಲ್ಲವೇ? ಅಪ್ಪನ ಆಸೆಗಾಗಿ ಇಂಜಿನಿಯರಿಂಗ್ ಸೇರಿದ ಮಗ, ಅಮ್ಮನ ಹರಕೆಗಾಗಿ ಕಾನ್ವೆಂಟಿಗೆ ಹೋಗಿ ಕಣ್ಣೀರಿಡುವ ಮಗಳು.

ಹಾಗಾದರೆ ಕಷ್ಟವಾದಾಗಲೆಲ್ಲ ಕಳಚಿಡಬಹುದೇ? ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಮಾತನ್ನು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಹಲವು ವರ್ಷ ಕುಡಿತಕ್ಕೆ ಬಿದ್ದಿದ್ದ ಆ ಮನೆಯ ಯಜಮಾನರು ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಎಲ್ಲರೂ ಸಂತೋಷದಲ್ಲಿದ್ದಾರೆಂದುಕೊಂಡು ನಾನು ಮನೆಭೇಟಿಗೆ ಹೋದೆ. ಅವರು ತಲೆ ತಗ್ಗಿಸಿ, "ಫಾದರ್, ಕುಡೀತಿದ್ದಾಗಲೇ ಈ ಮನೇಲಿ ನನಗೆ ಜಾಗ ಇತ್ತು ಅನ್ನಿಸುತ್ತೆ" ಎಂದರು. ಅವರ ಹೆಂಡತಿ ಅಡುಗೆಮನೆಯಿಂದ ಬಂದು ನಿಂತು ಹೇಳಿದರು: "ನಾನೇನು ಮಾಡಲಿ ಫಾದರ್? ಸಂಜೆ ಏಳಾದರೆ ಈಗಲೂ ಎದೆ ಡವಗುಟ್ಟುತ್ತೆ. ಗೇಟಿನ ಸದ್ದಾದರೆ ಮಕ್ಕಳು ಪುಸ್ತಕ ಮುಚ್ಚಿ ಒಳಗೆ ಓಡುತ್ತಾರೆ. ದುಡ್ಡನ್ನು ಇಂದಿಗೂ ಅಕ್ಕಿ ಡಬ್ಬದಲ್ಲೇ ಬಚ್ಚಿಡ್ತೀನಿ. ಅವರ ಮೇಲೆ ಸಿಟ್ಟಿಲ್ಲ. ಕೈ ಹಾಗೇ ಹೋಗುತ್ತೆ."

ಕೈ ಹಾಗೇ ಹೋಗುತ್ತೆ. ಮಾರ್ಕರ್ ಹೇಳಿದ ಮಾತಿಗೂ ಈ ತಾಯಿಯ ಮಾತಿಗೂ ಏನು ವ್ಯತ್ಯಾಸ? ಡೊಂಕಾದ ಬಾಳಿನಲ್ಲಿ ಮಕ್ಕಳನ್ನು ಉಳಿಸಿಕೊಳ್ಳಲು ಆಕೆ ಕಲಿತ ಜಾಣ್ಮೆ ಅದು, ತಪ್ಪಲ್ಲ. ಈಗ ಬಾಳು ನೇರವಾಗಿದೆ, ಕೈ ಇನ್ನೂ ಹಳೆಯ ಅಂತರವನ್ನೇ ಬಿಡುತ್ತಿದೆ. ಈ ಕಷ್ಟವನ್ನು ನೋಡಿ 'ನಮಗೆ ಹೊಂದುವುದಿಲ್ಲ' ಎಂದು ಹೊಸ ಬಾಳನ್ನೇ ಮಾರಿಬಿಟ್ಟರೆ ಎಂಥ ನಷ್ಟ! ನಾನು ಆ ಯಜಮಾನರಿಗೆ ಹೇಳಿದ್ದು ಇಷ್ಟೇ: "ನಿಮ್ಮ ಕೈ ಬದಲಾಗಲು ವರ್ಷಗಳೇ ಹಿಡಿದವು. ಅವರ ಕೈಗೆ ಎಂಟು ತಿಂಗಳು ಸಾಕೇ? ನಂಬಿಕೆಯನ್ನು ಕೇಳಿ ಪಡೆಯಲಾಗದು. ದಿನವೂ ಏಳು ಗಂಟೆಗೆ ನೆಟ್ಟಗೆ ನಡೆದು ಬಂದು ಗಳಿಸಬೇಕು."

ಇನ್ನೊಂದು ಮಾತನ್ನೂ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ನಾನು ಗುರುವಾಗಿ ಕೆಲವೇ ವರ್ಷಗಳಾಗಿದ್ದಾಗ ಒಬ್ಬ ಹೆಣ್ಣುಮಗಳು ಬಂದು ಗಂಡ ಹೊಡೆಯುತ್ತಾನೆ ಎಂದು ಅತ್ತಳು. ನಾನು ಶಿಲುಬೆಯ ಬಗ್ಗೆ ನಾಲ್ಕು ಮಾತು ಹೇಳಿ, "ಹೊಂದಿಕೊಂಡು ಹೋಗಮ್ಮ" ಎಂದು ಕಳುಹಿಸಿದೆ. ಆಕೆ ಹೊಂದಿಕೊಂಡಳು. ಮುಂದೆ ಮುರಿದ ಕೈಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋದೆ. "ನೀವು ಹೇಳಿದ ಹಾಗೇ ಇದ್ದೆ ಫಾದರ್" ಎಂದಳು. ದೂರಿನ ದನಿಯಲ್ಲಲ್ಲ, ವಿಧೇಯತೆಯ ದನಿಯಲ್ಲಿ. ಅಂದಿನಿಂದ ಆ ಮಾತನ್ನು ನಾನು ಹಗುರವಾಗಿ ಬಳಸಿಲ್ಲ. ಕ್ರಿಸ್ತರ ಶಿಲುಬೆ ಯಾರದೋ ದೌರ್ಜನ್ಯಕ್ಕೆ ಒಗ್ಗಿಕೊಳ್ಳಲು ಕೊಟ್ಟ ಅಪ್ಪಣೆಯಲ್ಲ.

ಆದ್ದರಿಂದ, ಒಗ್ಗಿಕೊಳ್ಳುವುದೇ ಒಂದು ಸದ್ಗುಣವಲ್ಲ. ಮನುಷ್ಯನು ಕೆಟ್ಟದ್ದಕ್ಕೂ ಒಗ್ಗಿಕೊಳ್ಳಬಲ್ಲ. ಲಂಚಕ್ಕೆ ಒಗ್ಗಿದ ಕೈಗೆ ಪ್ರಾಮಾಣಿಕತೆಯೇ ಭಾರ. ಸುಳ್ಳಿಗೆ ಒಗ್ಗಿದ ನಾಲಿಗೆಗೆ ಸತ್ಯವೇ ಕಹಿ. ಯಾವುದಕ್ಕೆ ಒಗ್ಗಿಕೊಳ್ಳುತ್ತಿದ್ದೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊಸದೊಂದು ನಮ್ಮನ್ನು ಒತ್ತುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಮೊದಲನೆಯದಾಗಿ, ಇದು ಯಾರ ಅಳತೆಗೆ ಮಾಡಿದ್ದು? ನನ್ನ ಒಳಿತಿಗೋ, ಬೇರೊಬ್ಬರ ಆಸೆಗೋ? ಎರಡನೆಯದಾಗಿ, ಇದು ಮೇಜಿನ ಮೇಲೆ ನೇರವಾಗಿ ಉರುಳುತ್ತದೆಯೇ? ಅಂದರೆ, ನನ್ನ ಅನಿಸಿಕೆಯನ್ನು ಬದಿಗಿಟ್ಟು ನೋಡಿದಾಗಲೂ ಇದು ದೇವರ ಆಜ್ಞೆಗೆ, ಸತ್ಯಕ್ಕೆ, ನ್ಯಾಯಕ್ಕೆ ಒಪ್ಪುತ್ತದೆಯೇ? ಮೂರನೆಯದಾಗಿ, ಇದು ತರುವ ನೋವು ಎಂಥದ್ದು? ಅಭ್ಯಾಸವಾದಂತೆ ಇಳಿಯುವ, ನನ್ನನ್ನು ಬಲಗೊಳಿಸುವ ನೋವೋ, ದಿನೇ ದಿನೇ ನನ್ನನ್ನೂ ಮಕ್ಕಳನ್ನೂ ಮುರಿಯುವ ನೋವೋ? ಮುರಿಯುವ ನೋವಾದರೆ ಅದಕ್ಕೆ ಒಗ್ಗಬೇಡಿ. ಎದ್ದು ಬನ್ನಿ, ನಂಬುಗೆಯವರಿಗೆ ಹೇಳಿ, ರಕ್ಷಣೆ ಪಡೆಯಿರಿ.

ಒಮ್ಮೊಮ್ಮೆ ಕೇಳಿಕೊಳ್ಳಲು ಬಿಡುವೂ ಸಿಗದು, ಹಳೆಯದು ಕೈಬಿಟ್ಟೇ ಹೋಗುತ್ತದೆ. ಸ್ಕಾಟ್ಲೆಂಡಿನ ಸ್ನೂಕರ್ ಆಟಗಾರ ಸ್ಟೀಫನ್ ಹೆಂಡ್ರಿ ತಮ್ಮ ಏಳು ವಿಶ್ವ ಪ್ರಶಸ್ತಿಗಳನ್ನೂ ಒಂದೇ ಕೋಲಿನಲ್ಲಿ ಗೆದ್ದಿದ್ದರು. 2003ರಲ್ಲಿ ವಿಮಾನಪ್ರಯಾಣದ ಸಾಮಾನಿನಲ್ಲಿ ಅದು ಮುರಿದುಹೋಯಿತು. ಬೇರೆ ಕೋಲು ಹಿಡಿದು ಅದೇ ವರ್ಷ ನವೆಂಬರಿನಲ್ಲಿ ಅವರು ಬ್ರಿಟಿಷ್ ಓಪನ್ ಗೆದ್ದರು. ಆಟ ಮರದಲ್ಲಿರಲಿಲ್ಲ, ಅವರಲ್ಲಿತ್ತು. ಸಂಗಾತಿಯನ್ನು ಕಳೆದುಕೊಂಡ ಓದುಗರು ನಿಮ್ಮಲ್ಲಿ ಇರಬಹುದು. ಮನುಷ್ಯರು ಕೋಲುಗಳಲ್ಲ, ಅವರ ಜಾಗಕ್ಕೆ ಬೇರೊಂದನ್ನು ತರಲಾಗದು. ಆದರೂ ಅವರೊಡನೆ ಬಾಳಿ ನೀವು ಕಲಿತ ಪ್ರೀತಿ ಅವರೊಡನೆ ಮಣ್ಣಾಗಿಲ್ಲ. ಅದು ನಿಮ್ಮಲ್ಲಿದೆ, ಅದಕ್ಕೆ ಇನ್ನೂ ಕೆಲಸವಿದೆ.

ಕೊನೆಯದಾಗಿ, ನಮ್ಮ ಪ್ರಭುವೂ ಬಡಗಿಯಾಗಿದ್ದವರು. ನಜರೇತಿನಲ್ಲಿ ಯೇಸು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದರೆಂದು 2ನೆಯ ಶತಮಾನದ ಸಂತ ಜಸ್ಟಿನರು ಬರೆದಿದ್ದಾರೆ. ತಮ್ಮ ನೊಗ ಹಗುರವಾದುದೆಂದು ಆ ಬಡಗಿಯೇ ನಮಗೆ ಮಾತು ಕೊಟ್ಟಿದ್ದಾರೆ. ಮೊದಲ ದಿನವೇ ಹಗುರವೆನಿಸುತ್ತದೆ ಎಂದು ಇದರ ಅರ್ಥವಲ್ಲ. ಹೋರಿಯನ್ನು ಪಳಗಿಸುವ ರೈತನನ್ನು ಕೇಳಿ ನೋಡಿ. ಎಷ್ಟೇ ನಯವಾದ ನೊಗವಾದರೂ ಎಳೆಯ ಹೆಗಲು ಮೊದಲು ಕೊಸರಾಡುತ್ತದೆ. ಆದ್ದರಿಂದಲೇ ಅದನ್ನು ಪಳಗಿದ ಎತ್ತಿನ ಜೊತೆಗೆ ಹೂಡುತ್ತಾರೆ. ನಮ್ಮ ಜೊತೆಯಲ್ಲಿ ಹೆಗಲು ಕೊಟ್ಟಿರುವವರು ಪ್ರಭುವೇ. ಒಂಟಿಯಾಗಿ ಎಳೆಯಿರಿ ಎಂದು ಅವರು ನಮಗೆ ಹೇಳಲಿಲ್ಲ. ಅವರ ವರಪ್ರಸಾದ ನಮ್ಮ ಅಭ್ಯಾಸದ ಜಾಗದಲ್ಲಿ ಬರುವುದಿಲ್ಲ. ಅಭ್ಯಾಸ ಮಾಡುವ ನಮ್ಮ ಪಕ್ಕದಲ್ಲಿ, ನಮ್ಮೊಳಗೆ ಬರುತ್ತದೆ.

ಆ ಯುವಕ ಕೋಲನ್ನು ಮಾರಲಿಲ್ಲ. ಕೆಲಸ ಮುಗಿಸಿ ಬಂದು ದಿನವೂ ಅರ್ಧ ಗಂಟೆ ಬಿಳಿಯ ಚೆಂಡೊಂದನ್ನೇ ಇಟ್ಟುಕೊಂಡು, ನೇರವಾಗಿ ಹೊಡೆದು ನೇರವಾಗಿ ಹಿಂದಿರುಗುವಂತೆ ಅಭ್ಯಾಸ ಮಾಡುತ್ತಿದ್ದಾನೆ. "ಗೆಲ್ಲುತ್ತಿದ್ದೀಯೇನೋ?" ಎಂದು ಮೊನ್ನೆ ಕೇಳಿದೆ. "ಇನ್ನೂ ಇಲ್ಲ ಫಾದರ್. ಆದರೆ ಯಾಕೆ ಸೋತೆ ಅಂತ ಈಗ ಗೊತ್ತಾಗುತ್ತೆ" ಎಂದ. ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳುವ ನನಗೆ ಅದು ಸಣ್ಣ ಮಾತೆನಿಸಲಿಲ್ಲ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿ. ನಮ್ಮ ಮನೆಯಲ್ಲಿ ಯಾವ ಡೊಂಕಿಗೆ ನಾವೆಲ್ಲ ಒಗ್ಗಿಹೋಗಿದ್ದೇವೆ, ಯಾವ ನೇರವಾದದ್ದನ್ನು ಕಷ್ಟವೆಂದು ದೂರವಿಟ್ಟಿದ್ದೇವೆ ಎಂದು ಒಬ್ಬರನ್ನೊಬ್ಬರು ಕೇಳಿ. ಉತ್ತರವನ್ನು ಮಕ್ಕಳೇ ಮೊದಲು ಹೇಳಿದರೆ ಗದರಬೇಡಿ. ಬಡಗಿಯ ಮಗನಾದ ನಮ್ಮ ಪ್ರಭು ನಿಮ್ಮ ಮನೆಯ ಮೇಲೆ ತಮ್ಮ ಕೈಯಿಡಲಿ.