ನುಂಗಿದ ಕ್ರೋಧ ಕ್ಷಮೆಯಾದೀತೆ?

ದಶಲಕ್ಷಣ ಪರ್ವದ ಮೊದಲನೆಯ ದಿನವೇ ಉತ್ತಮ ಕ್ಷಮೆಗೆ ಮೀಸಲಾದುದು. ಆ ದಿನದ ಪ್ರವಚನಗಳನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇನೆ. ಆದರೂ ಕ್ಷಮೆಯಂತೆಯೇ ಕಾಣುವ, ಕ್ಷಮೆಯಲ್ಲದ ಒಂದು ಸ್ಥಿತಿ ನನ್ನೊಳಗೇ ಬಹುಕಾಲದಿಂದ ನೆಲೆಸಿದೆ ಎಂಬುದು ನನಗೆ ಮನದಟ್ಟಾದದ್ದು ಮೊಮ್ಮಗ ಆಡುತ್ತಿದ್ದ ವಿಡಿಯೊ ಆಟವೊಂದನ್ನು ನೋಡುತ್ತ ಕುಳಿತಾಗ. ಇಂಥ ಪತ್ರಿಕೆಯಲ್ಲಿ ಇಂಥ ವಿಷಯವೆ ಎಂದು ವಾಚಕರು ಹುಬ್ಬೇರಿಸಬಹುದು. ನಾನೂ ಮೊದಲು ಹುಬ್ಬೇರಿಸಿದವನೇ.

ಆಟದ ಹೆಸರು ‘ಸ್ಟ್ರೀಟ್ ಫೈಟರ್ ಆಲ್ಫಾ’. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1995ರಲ್ಲಿ ಹೊರತಂದದ್ದು. 2018ರಲ್ಲಿ ಅದೇ ಸಂಸ್ಥೆ ತನ್ನ ಹನ್ನೆರಡು ಹಳೆಯ ಆಟಗಳನ್ನು ಒಂದು ಸಂಕಲನವಾಗಿ ಪ್ರಕಟಿಸಿತು. ರಜೆಗೆ ಬಂದಿದ್ದ ಹುಡುಗನ ಕೈಯಲ್ಲಿದ್ದದ್ದು ಅದು. ಇಬ್ಬರು ಎದುರುಬದುರು ನಿಂತು ಗುದ್ದಾಡುತ್ತಾರೆ, ಒಬ್ಬರ ಬಲ ಸೊನ್ನೆಗಿಳಿದಾಗ ಸುತ್ತು ಮುಗಿಯುತ್ತದೆ. ಇಷ್ಟೇ ಆಟ. ಹಿಂಸೆಯನ್ನು ವಿನೋದವಾಗಿಸಿಕೊಳ್ಳಬೇಡವೆಂದು ನಾನು ಹೇಳಿದೆ. “ಅಜ್ಜ, ಇದರಲ್ಲಿ ಯಾರಿಗೂ ಏನೂ ಆಗೋದಿಲ್ಲ. ಬರೀ ಚಿತ್ರ” ಎಂದ. ಯಶೋಧರನೂ ಹೀಗೆಯೇ ನೆನೆದಿದ್ದನು. ಜನ್ನ ಕವಿ 1209ರಲ್ಲಿ ಕನ್ನಡಿಸಿದ ಆ ಕಥೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ; ಆದರೂ ತಾಯಿಮಕ್ಕಳು ಭವಭವಗಳಲ್ಲಿ ತೊಳಲಿದರು. ದ್ರವ್ಯಹಿಂಸೆ ಇಲ್ಲದೆಡೆಯಲ್ಲೂ ಭಾವಹಿಂಸೆ ಇರಬಲ್ಲುದು. ಇದನ್ನು ಅವನಿಗೆ ಹೇಳಿದೆ. ಕಥೆಯನ್ನು ಪೂರ್ತಿ ಕೇಳಿದ, ಆಮೇಲೆ ಆಟಕ್ಕೆ ಮರಳಿದ. ಆಡುವ ಪ್ರತಿಯೊಂದು ಮಗುವಿನ ಮನಸ್ಸಿನಲ್ಲೂ ಕೊಲ್ಲುವ ಸಂಕಲ್ಪವಿರುತ್ತದೆಂದು ನಾನು ಹೇಳಲಾರೆ. ಆ ಚರ್ಚೆ ಇಲ್ಲಿ ಬೇಡ. ನನ್ನ ಗಮನವನ್ನು ಸೆಳೆದದ್ದು ಬೇರೊಂದು.

ಆ ಆಟದಲ್ಲಿ ರೋಸ್ ಎಂಬ ಹೆಂಗಸಿನ ಪಾತ್ರವಿದೆ. ಇಟಲಿಯ ಜಿನೋವಾ ನಗರದವಳು, ಚಿತ್ರದ ಎಲೆಗಳನ್ನು ಹರಡಿ ಭವಿಷ್ಯ ನುಡಿಯುವವಳು. ಅವಳ ಆಯುಧ ಕೊರಳ ಸುತ್ತಿನ ಉದ್ದನೆಯ ವಸ್ತ್ರ. ಮನೋಬಲವನ್ನು ಆ ವಸ್ತ್ರದೊಳಕ್ಕೆ ಹರಿಸಿ ಅವಳು ಹೋರಾಡುತ್ತಾಳೆ. ಆ ಬಲಕ್ಕೆ ಆಟದವರು ‘ಸೋಲ್ ಪವರ್’, ಎಂದರೆ ಆತ್ಮಶಕ್ತಿ, ಎಂದು ಹೆಸರಿಟ್ಟಿದ್ದಾರೆ. ಅವಳ ಶತ್ರು ಬೈಸನ್. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿಯೇ ಕಟ್ಟಕಡೆಯ ಎದುರಾಳಿಯಾಗಿ ನಿಂತಿದ್ದ ದುಷ್ಟ ಅವನು. ಅವನದೂ ಮನೋಬಲವೇ, ಆದರೆ ಅದು ಕ್ರೌರ್ಯದಿಂದ ಉರಿಯುವಂಥದು. ಅದರ ಹೆಸರು ‘ಸೈಕೋ ಪವರ್’. ಇಬ್ಬರದೂ ಒಂದೇ ಆತ್ಮದ ಎರಡು ಪಾಲು ಎನ್ನುತ್ತದೆ ಆಟದ ಕಥೆ. ಜೀವದ್ರವ್ಯವು ಅಖಂಡವೆಂದು ತಿಳಿದ ನಮಗೆ ಇದು ಒಪ್ಪುವ ಮಾತಲ್ಲ. ಅದಿರಲಿ.

ಬೈಸನ್ನನ ಹೆಸರಾಂತ ವಿಶೇಷ ಪ್ರಹಾರ ‘ಸೈಕೋ ಕ್ರಷರ್’. ಮೈಯೆಲ್ಲ ಜ್ವಾಲೆಯಾಗಿ, ತಾನೇ ಬಾಣವಾಗಿ, ತಿರುಗುತ್ತ ಎದುರಾಳಿಯ ಮೇಲೆ ನುಗ್ಗುತ್ತಾನೆ. 1992ರಲ್ಲಿ, ಆಡುವವರೂ ಅವನನ್ನು ಆರಿಸಿಕೊಳ್ಳಬಹುದಾದ ಆವೃತ್ತಿ ಬಂದಾಗ, ಈ ಪ್ರಹಾರಕ್ಕೆ ಇಟ್ಟ ಕ್ರಮ ಹೀಗಿತ್ತು: ಹಿಡಿಯನ್ನು ಕೆಲಕಾಲ ಹಿಂದಕ್ಕೆ ಒತ್ತಿಹಿಡಿದಿರಬೇಕು, ಅನಂತರ ಥಟ್ಟನೆ ಮುಂದಕ್ಕೆ ತಳ್ಳಿ ಗುದ್ದಿನ ಗುಂಡಿಯನ್ನು ಒತ್ತಬೇಕು. ಹಿಂದೆ ಸರಿದು ಕೂಡಿಟ್ಟ ಹೊರತು ಉರಿ ಏಳದು. ಮುಂದೆ ಬಂದ ಕಥೆಗಳಲ್ಲಿ ಈ ಶಕ್ತಿಯನ್ನು ಅವನ ಶರೀರವೇ ತಾಳಲಾರದಾಗುತ್ತದೆ. ಅವನಿಗೆ ಬೇರೆ ಶರೀರಗಳು ಬೇಕಾಗುತ್ತವೆ.

ಇದನ್ನು ಮೊಮ್ಮಗ ವಿವರಿಸುತ್ತಿದ್ದಾಗ ನನಗೆ ಅಶುಭ ತೈಜಸ ಸಮುದ್ಘಾತದ ನೆನಪಾಯಿತು. ದ್ರವ್ಯಸಂಗ್ರಹಕ್ಕೆ ಬ್ರಹ್ಮದೇವರು ಬರೆದ ವೃತ್ತಿಯಲ್ಲಿ ಅದರ ವರ್ಣನೆ ಇದೆ. ಮಹಾತಪಸ್ವಿಯಾದ ಮುನಿಗೆ ಯಾವುದೋ ಕಾರಣದಿಂದ ಕ್ರೋಧ ಹುಟ್ಟಿದರೆ, ಮೂಲಶರೀರವನ್ನು ಬಿಡದೆಯೇ ಎಡಭುಜದಿಂದ ಸಿಂಧೂರ ವರ್ಣದ ಪುತ್ಥಳಿಯೊಂದು ಹೊರಡುತ್ತದೆ. ಕಹಳೆಯ ಆಕಾರ, 12 ಯೋಜನ ಉದ್ದ, ತುದಿಯಲ್ಲಿ 9 ಯೋಜನ ಅಗಲ. ಮನಸ್ಸಿನಲ್ಲಿ ದ್ವೇಷಿಸಿದ ವಸ್ತುವನ್ನು ಅದು ಬೂದಿ ಮಾಡುತ್ತದೆ, ಅನಂತರ ಮುನಿಯನ್ನೂ ಸುಟ್ಟು ತಾನೂ ಬೂದಿಯಾಗುತ್ತದೆ. ಇದಕ್ಕೆ ದೃಷ್ಟಾಂತವಾಗಿ ಹೆಸರಿಸಿರುವುದು ದ್ವೀಪಾಯನ ಮುನಿಯನ್ನು. ಮದ್ಯದ ಮತ್ತಿನಲ್ಲಿದ್ದ ಯಾದವ ಕುಮಾರರು ಕಲ್ಲೆಸೆದರು, ದ್ವಾರಕೆ ಉರಿದುಹೋಯಿತು, ಮುನಿಯ ಬಹುಕಾಲದ ತಪಸ್ಸೂ ಅದರೊಡನೆ ಹೋಯಿತು. ಒಸಾಕಾದ ಚಿತ್ರಕಾರರು ಇದನ್ನು ಓದಿರಲಾರರು. ಆದರೂ ಕ್ರೋಧಕ್ಕೆ ಆಕಾರ ಕೊಡಹೊರಟವರು ಎಲ್ಲಿಯವರಾದರೂ ಉರಿಯನ್ನೇ ಕಂಡರು, ಆ ಉರಿಗೆ ಉರಿಸಿದವನ ಮೈಯೂ ಉಳಿಯದೆಂಬುದನ್ನೂ ಕಂಡರು.

ಇನ್ನು ರೋಸಳ ವಿಶೇಷ ಪ್ರಹಾರ. ಅದನ್ನು ಪ್ರಹಾರವೆನ್ನುವುದಕ್ಕಿಂತ ಪ್ರತಿಕ್ರಿಯೆ ಎನ್ನುವುದು ಲೇಸು. ಅದರ ಹೆಸರು ‘ಸೋಲ್ ರಿಫ್ಲೆಕ್ಟ್’. ಎದುರಾಳಿ ದೂರದಿಂದ ಶಕ್ತಿಯ ಉಂಡೆಯೊಂದನ್ನು ಎಸೆಯುತ್ತಾನೆ. ಅದು ಬಂದು ತಾಗುವ ಕ್ಷಣಕ್ಕೆ ಸರಿಯಾಗಿ ಅವಳು ವಸ್ತ್ರವನ್ನು ಬೀಸುತ್ತಾಳೆ. ಆಟದಲ್ಲಿ ಗುದ್ದಿಗೆ ಮೂರು ಗುಂಡಿಗಳಿವೆ: ಹಗುರ, ಮಧ್ಯಮ, ಭಾರ. ಮಧ್ಯಮದ ಗುಂಡಿ ಒತ್ತಿದರೆ ಬಂದ ಉಂಡೆ ನೇರವಾಗಿ ಎಸೆದವನ ಕಡೆಗೇ ತಿರುಗಿ ಹೋಗುತ್ತದೆ. ಭಾರದ ಗುಂಡಿ ಒತ್ತಿದರೆ ಓರೆಯಾಗಿ ಮೇಲಕ್ಕೆ, ಹಾರಿ ಬರುವವನನ್ನು ಹೊಡೆಯುವಂತೆ, ಚಿಮ್ಮುತ್ತದೆ. ಹಗುರದ ಗುಂಡಿ ಒತ್ತಿದರೆ ಉಂಡೆ ಎತ್ತಲೂ ಹೋಗುವುದಿಲ್ಲ. ವಸ್ತ್ರದೊಳಗೆ ಅಡಗಿ ಮಾಯವಾಗುತ್ತದೆ.

ಈ ಮೂರನೆಯದನ್ನು ಕಂಡು ನನಗೆ ಸಂತೋಷವಾಯಿತು. “ನೋಡು, ಇದು ಕ್ಷಮೆ. ಬಂದದ್ದನ್ನು ಹಿಂದಿರುಗಿಸದೆ ತಾನೇ ತಾಳಿಕೊಂಡಳು. ಇನ್ನುಮೇಲೆ ಇದನ್ನೇ ಒತ್ತು” ಎಂದೆ. ಹುಡುಗ ನಕ್ಕ. “ಅಜ್ಜ, ಕೆಳಗೆ ನೋಡಿ” ಎಂದು ಪರದೆಯ ತಳದಲ್ಲಿದ್ದ ಪಟ್ಟಿಯೊಂದನ್ನು ತೋರಿಸಿದ. ಪ್ರತಿಯೊಬ್ಬ ಹೋರಾಟಗಾರನಿಗೂ ಅಂಥದೊಂದು ಪಟ್ಟಿ ಇರುತ್ತದೆ. ಮೂರು ಹಂತಗಳವರೆಗೆ ಅದು ತುಂಬಬಲ್ಲುದು. ತುಂಬಿದಷ್ಟೂ ಮಹಾಪ್ರಹಾರ ಘೋರವಾಗುತ್ತದೆ. ರೋಸ್ ಒಂದು ಉಂಡೆಯನ್ನು ನುಂಗಿದಾಗಲೆಲ್ಲ ಅವಳ ಪಟ್ಟಿ ಒಂದಿಷ್ಟು ತುಂಬುತ್ತದೆ. “ಅವಳು ಸುಮ್ಮನೆ ನುಂಗೋದಿಲ್ಲ, ಕೂಡಿಡ್ತಾಳೆ” ಎಂದ.

ಆ ಮಾತು ನನಗೆ ನಾಟಿತು. ಏಕೆ ನಾಟಿತೆಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಬಹಳ ವರ್ಷಗಳ ಹಿಂದೆ ನಮ್ಮ ಮನೆತನದ ಆಸ್ತಿ ವಿಭಾಗವಾಯಿತು. ಹಿರಿಯರ ಸಮಕ್ಷಮದಲ್ಲಿ ನನ್ನ ದಾಯಾದಿಯೊಬ್ಬರು, ಬಸದಿಯ ಲೆಕ್ಕದ ಹಣವನ್ನು ನಾನು ನುಂಗಿದ್ದೇನೆ ಎಂಬರ್ಥದ ಮಾತನಾಡಿದರು. ಅದು ಸುಳ್ಳು. ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು, ತೆರೆದು ತೋರಿಸಬಹುದಿತ್ತು. ನಾನು ತುಟಿ ಬಿಚ್ಚಲಿಲ್ಲ. ಎದ್ದು ಬಂದಾಗ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, ಇವನು ಕ್ಷಮಾಶೀಲ ಎಂದರು. ಆ ಬಿರುದನ್ನು ಹನ್ನೊಂದು ವರ್ಷ ಹೊತ್ತು ತಿರುಗಿದೆ. ಪ್ರತಿವರ್ಷ ಕ್ಷಮಾವಣಿಯ ಪತ್ರಗಳನ್ನು ಕಳುಹಿಸುವಾಗ ಆ ಮನೆಗೂ ಒಂದು ಪತ್ರ ಹೋಗುತ್ತಿತ್ತು. ಹನ್ನೊಂದನೆಯ ವರ್ಷ ಅವರ ಮಗಳನ್ನು ಕೇಳಲು ದೂರದ ಊರಿನ ಒಂದು ಮನೆತನದವರು ಬಂದರು. ಹೋಗುವ ಮುನ್ನ ನನ್ನಲ್ಲಿಗೂ ಬಂದು, ಮನೆ ಹೇಗೆ ಎಂದು ವಿಚಾರಿಸಿದರು. ಆ ಮನೆಯ ಮೇಲೆ ಸಾಲವಿದ್ದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಿದೆ. ಅದು ನಿಜವಾಗಿತ್ತು. ಧ್ವನಿ ಏರಲಿಲ್ಲ, ಮುಖ ಕೆಂಪಾಗಲಿಲ್ಲ. ಸಂಬಂಧ ಕೂಡಿಬರಲಿಲ್ಲ.

ಸತ್ಯವನ್ನೇ ನುಡಿದೆನೆಂದು ನನಗೆ ನಾನೇ ಹೇಳಿಕೊಂಡೆ. ಪರರನ್ನು ನೋಯಿಸಲೆಂದು ಆಡಿದ ಮಾತು ನಿಜವಾಗಿದ್ದರೂ ಅಸತ್ಯದ ಸಾಲಿಗೇ ಸೇರುತ್ತದೆಂಬುದು ನನಗೆ ತಿಳಿಯದ್ದೇನಲ್ಲ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವನ್ನು ಸ್ವಾಧ್ಯಾಯದಲ್ಲಿ ಎರಡು ಬಾರಿ ಓದಿದವನು ನಾನು. ತಿಳಿವಳಿಕೆ ಬೇರೆ, ಪಟ್ಟಿ ತುಂಬಿದ್ದು ಬೇರೆ. ಪಾಪ, ಏನೂ ಅರಿಯದ ಆ ಹೆಣ್ಣುಮಗಳು ನನಗೆ ಯಾವ ಅಪಕಾರ ಮಾಡಿದ್ದಳು?

ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕಷಾಯಗಳ ‘ವಾಸನಾಕಾಲ’ವನ್ನು ನಿರೂಪಿಸಿದ್ದಾರೆ. ಕ್ರೋಧವು ಪ್ರಕಟವಾಗಿ ಉರಿಯುವ ಕಾಲ ಒಂದು. ಪ್ರಕಟವಾಗದೆ, ಸಂಸ್ಕಾರವಾಗಿ ಒಳಗೆ ಉಳಿದಿರುವ ಕಾಲ ಇನ್ನೊಂದು. ಎರಡನೆಯದು ವಾಸನಾಕಾಲ. ಸಂಜ್ವಲನಕ್ಕೆ ಅದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಆರು ತಿಂಗಳನ್ನೂ ಮೀರಿ ಭವಾಂತರಗಳವರೆಗೂ ಉಳಿಯಬಲ್ಲುದು ಅನಂತಾನುಬಂಧಿ, ಸಮ್ಯಕ್ತ್ವವನ್ನೇ ಕೆಡಿಸುವಂಥದು. ಎಷ್ಟು ಜೋರಾಗಿ ಕೂಗಿದೆ ಎಂಬುದನ್ನು ಈ ಲೆಕ್ಕ ಕೇಳುವುದಿಲ್ಲ, ಎಷ್ಟು ದಿನ ಇಟ್ಟುಕೊಂಡೆ ಎಂದು ಕೇಳುತ್ತದೆ. ಸಂತೆಯಲ್ಲಿ ಬೈದಾಡಿ ಸಂಜೆಗೆ ಮರೆತುಬಿಡುವ ಒರಟನನ್ನು ನಾವು ಕೋಪಿಷ್ಠನೆನ್ನುತ್ತೇವೆ. ಮುಗುಳ್ನಗುತ್ತ ಹನ್ನೊಂದು ವರ್ಷ ಕಾದವನನ್ನು ಕ್ಷಮಾಶೀಲನೆನ್ನುತ್ತೇವೆ. ಆಚಾರ್ಯರ ಲೆಕ್ಕದಲ್ಲಿ ನಾನು ಎಲ್ಲಿ ನಿಂತಿದ್ದೆನೆಂಬುದನ್ನು ವಾಚಕರೇ ನೋಡಿಕೊಳ್ಳಬಹುದು. ವ್ರತ, ಪೂಜೆ, ಸ್ವಾಧ್ಯಾಯಗಳೆಲ್ಲ ನಡೆದೇ ಇದ್ದವು.

ಹಾಗಾದರೆ ನುಂಗುವುದಕ್ಕಿಂತ ಹಿಂದಿರುಗಿಸಿಬಿಡುವುದೇ ಮೇಲೆ? ಹಾಗೆನ್ನುವವರು ಉಂಟು, ಒಳಗಿಟ್ಟುಕೊಂಡು ಕೊಳೆಯುವುದಕ್ಕಿಂತ ಆಡಿ ಮುಗಿಸು ಎಂಬುದು ಈ ಕಾಲದ ಉಪದೇಶ. ನಾನು ಒಪ್ಪಲಾರೆ. ಹಿಂದಿರುಗಿಸಿದ ಉಂಡೆ ಎದುರಿನವನಿಗೆ ತಾಗುತ್ತದೆ. ಇಲ್ಲವೆ ಅವನು ಮತ್ತೊಂದನ್ನು ಎಸೆಯುತ್ತಾನೆ. ಆದರೆ ಆ ಉಪದೇಶದಲ್ಲಿ ಒಂದು ಪ್ರಾಮಾಣಿಕತೆ ಇದೆ, ಅದು ನನ್ನ ಮೌನದಲ್ಲಿ ಇರಲಿಲ್ಲ. ಅಂದು ಲೆಕ್ಕದ ಪುಸ್ತಕವನ್ನು ತೆರೆದು, ಶಾಂತವಾಗಿ, ನೋಡಿ ಎಂದಿದ್ದರೆ ಅದು ಹಿಂಸೆಯಾಗುತ್ತಿರಲಿಲ್ಲ. ಸುಳ್ಳನ್ನು ಸುಳ್ಳೆಂದು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೊ ಏನೊ. ನಾನು ತೋರಿಸಲಿಲ್ಲ, ಏಕೆಂದರೆ, ಈಗ ಯೋಚಿಸಿದರೆ, ಆ ಅನ್ಯಾಯ ನನಗೆ ಬೇಕಾಗಿತ್ತು. ಅದು ನನ್ನ ಗಳಿಕೆಯಾಗಿತ್ತು.

ಬಾಹುಬಲಿಯ ಮೇಲೆ ಭರತನು ಚಕ್ರವನ್ನು ಪ್ರಯೋಗಿಸಿದ ಪ್ರಸಂಗವನ್ನು ಈ ಕಣ್ಣಿನಿಂದ ಮತ್ತೆ ಓದಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತವನು ದೂರದಿಂದ ಎಸೆದ ಆಯುಧವದು. ಚಕ್ರ ಬಾಹುಬಲಿಯನ್ನು ಬಲಗೊಂಡು ಪಕ್ಕದಲ್ಲಿ ನಿಂತಿತು. ಅದನ್ನು ತಿರುಗಿಸಿ ಎಸೆಯಲಿಲ್ಲ. ತನ್ನದಾಗಿ ಇಟ್ಟುಕೊಳ್ಳಲೂ ಇಲ್ಲ. ಗೆದ್ದ ನೆಲವನ್ನೂ ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋದನು. ಆದರೆ ಅಂಥವನಲ್ಲೂ ಒಂದು ಎಳೆ ಉಳಿಯಿತು. ಒಂದು ವರ್ಷ ಅಲುಗಾಡದೆ ನಿಂತರೂ ಕೇವಲಜ್ಞಾನ ಉದಯಿಸಲಿಲ್ಲ. ತನ್ನಿಂದ ಭರತನ ಮನಸ್ಸು ನೊಂದಿತೆಂಬ ಭಾವ ಎದೆಯಲ್ಲಿತ್ತೆಂದು ಆದಿಪುರಾಣ ಹೇಳುತ್ತದೆ. ಭರತ ಬಂದು ಪೂಜಿಸಿದ ಮೇಲೆಯೇ ಅದು ಕಳಚಿತು. ಗಮನಿಸಬೇಕಾದ ಸಂಗತಿ ಇಲ್ಲೊಂದಿದೆ: ಅವನಲ್ಲಿ ಉಳಿದದ್ದು ತನಗಾದ ನೋವಿನ ನೆನಪಲ್ಲ, ತನ್ನಿಂದ ಇನ್ನೊಬ್ಬರಿಗಾದ ನೋವಿನ ನೆನಪು. ನನ್ನ ಪಟ್ಟಿಯಲ್ಲಿ ಹನ್ನೊಂದು ವರ್ಷವೂ ಇದ್ದದ್ದು ಮೊದಲನೆಯದು ಮಾತ್ರ.

ಯಂತ್ರವನ್ನು ಆರಿಸಿದರೆ ರೋಸಳ ಪಟ್ಟಿ ಬರಿದಾಗುತ್ತದೆ. ಕಾರ್ಮಣ ಶರೀರಕ್ಕೆ ಅಂಥ ಗುಂಡಿ ಇಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಮೊಮ್ಮಗನನ್ನು ಕೇಳಿದೆ: ಉಂಡೆಯನ್ನು ನುಂಗಬೇಕು, ಪಟ್ಟಿಯೂ ತುಂಬಬಾರದು, ಅಂಥ ಉಪಾಯವೇನಾದರೂ ಆಟದಲ್ಲಿ ಉಂಟೆ? ಸ್ವಲ್ಪ ಹೊತ್ತು ಯೋಚಿಸಿದ. “ಇಲ್ಲ ಅಜ್ಜ. ಇದ್ದರೂ ಯಾರು ಒತ್ತುತ್ತಾರೆ? ಅದರಿಂದ ಗೆಲ್ಲೋಕೆ ಆಗಲ್ಲವಲ್ಲ” ಎಂದ.

ಆ ಹೆಣ್ಣುಮಗಳಿಗೆ ಆಮೇಲೆ ಬೇರೆಡೆ ಮದುವೆಯಾಗಿದೆ, ಚೆನ್ನಾಗಿದ್ದಾಳೆ ಎಂದು ಕೇಳಿದ್ದೇನೆ. ಈ ಭಾದ್ರಪದದಲ್ಲಿ ಎಂದಿನ ಅಚ್ಚಾದ ಪತ್ರವನ್ನು ಆ ಮನೆಗೆ ಕಳುಹಿಸಲಿಲ್ಲ. ಬಿಳಿಯ ಹಾಳೆಯೊಂದನ್ನು ತೆಗೆದುಕೊಂಡು, ಆ ದಿನ ಬಂದವರಿಗೆ ನಾನು ಏನು ಹೇಳಿದೆ, ಏಕೆ ಹೇಳಿದೆ ಎಂಬುದನ್ನು ಬರೆದೆ. ಬಸದಿಯ ಲೆಕ್ಕದ ಮಾತನ್ನು ಅದರಲ್ಲಿ ಎತ್ತಬೇಕೊ ಬೇಡವೊ ಎಂದು ಎರಡು ದಿನ ತೂಗಾಡಿ, ಕೊನೆಗೆ ಬಿಟ್ಟೆ. ಪತ್ರವನ್ನು ಅಂಚೆಗೆ ಹಾಕಿ ಮೂರು ವಾರವಾಯಿತು. ಉತ್ತರ ಬಂದಿಲ್ಲ.