ಗೂಬೆಯ ವಿಳಾಸ ಯಾರಿಗೆ ಹೇಳಬೇಕು?

ಗಿಡ್ಡ ಕಿವಿಯ ಗೂಬೆ ಚಳಿಗಾಲದ ಅತಿಥಿ. ದೂರದ ಉತ್ತರದಲ್ಲಿ ಮರಿ ಮಾಡಿ, ಚಳಿ ಶುರುವಾದಾಗ ಭಾರತದ ಬಯಲುಗಳಿಗೆ ಬರುತ್ತದೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲೂ ಕಾಣಿಸಿಕೊಂಡಿದೆ. ಪೊಟರೆ, ಪಾಳುಗೋಡೆಗಳ ಗೂಬೆಯನ್ನೇ ಬಲ್ಲ ನಮಗೆ ಇದರ ರೀತಿ ವಿಚಿತ್ರ. ಹಗಲು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ ಕೂತು ವಿಶ್ರಮಿಸುತ್ತದೆ; ಸಂಜೆ ಬೆಳಕಿರುವಾಗಲೇ ಇಲಿ ಹುಡುಕುತ್ತ ತಗ್ಗಿನಲ್ಲಿ ಹಾರುತ್ತದೆ. ಒಣಹುಲ್ಲಿನ ಬಣ್ಣವೇ ಅದರ ಮೈಬಣ್ಣ. ಕಣ್ಣಿಗೆ ಬೀಳದಿರುವುದೇ ಅದಕ್ಕಿರುವ ರಕ್ಷಣೆ. ಹೀಗಿರುವಾಗ ಅದು ಕೂತ ಜಾಗ ಗೊತ್ತಾದವರು ಅದನ್ನು ಇನ್ನೊಬ್ಬರಿಗೆ ಹೇಳಬಹುದೆ?

ಕೂತ ಗೂಬೆಯನ್ನು ಒಮ್ಮೆ ಎಬ್ಬಿಸಿದರೆ ದೊಡ್ಡ ಅನಾಹುತವೇನೂ ಆಗುವುದಿಲ್ಲ. ಎದ್ದು ಸ್ವಲ್ಪ ಆಚೆ ಹೋಗಿ ಕೂರುತ್ತದೆ. ಆದರೆ ಚಳಿಗಾಲ ಅದಕ್ಕೆ ಲೆಕ್ಕದ ಕಾಲ. ತಿಂದದ್ದರಲ್ಲಿ ಅಂದಿನ ಖರ್ಚು ಕಳೆದು, ಮರಳಿ ಹಾರುವಷ್ಟು ಬಲ ಮೈಯಲ್ಲಿ ಉಳಿಯಬೇಕು. ಹಗಲಲ್ಲಿ ಎದ್ದ ಗೂಬೆಯನ್ನು ಕಾಗೆಗಳು ಅಟ್ಟಾಡಿಸುವುದೂ ಉಂಟು. ಒಂದು ಭಾನುವಾರ ಮೂವತ್ತು ಜನ ಕ್ಯಾಮೆರಾ ಹಿಡಿದು ಬಂದರೆನ್ನಿ. ಪ್ರತಿಯೊಬ್ಬರೂ ‘ನಾನು ಎರಡೇ ನಿಮಿಷ ನಿಂತೆ’ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಗೂಬೆಗೆ ಮಾತ್ರ ಅಂದು ವಿಶ್ರಾಂತಿಯಿಲ್ಲ.

ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟವಾದ ‘ರೀಸನ್ಸ್ ಅಂಡ್ ಪರ್ಸನ್ಸ್’ ಪುಸ್ತಕದಲ್ಲಿ ಇಂಥ ಲೆಕ್ಕದ ತಪ್ಪುಗಳನ್ನೇ ಚರ್ಚಿಸುತ್ತಾನೆ. ಸಾವಿರ ಜನ ಒಂದೊಂದು ಗುಂಡಿ ಒತ್ತುತ್ತಾರೆ. ಒಬ್ಬನ ಗುಂಡಿಯಿಂದ ಯಾರ ನೋವೂ ಗೊತ್ತಾಗುವಷ್ಟು ಹೆಚ್ಚುವುದಿಲ್ಲ. ಎಲ್ಲರೂ ಒತ್ತಿದಾಗ ಅದು ಚಿತ್ರಹಿಂಸೆ. ನನ್ನ ಪಾಲು ಗಣನೆಗೇ ಬಾರದಷ್ಟು ಸಣ್ಣದು ಎಂಬುದು ನಾನು ನಿರ್ದೋಷಿ ಎಂಬುದಕ್ಕೆ ಸಾಕ್ಷಿಯಲ್ಲ, ಎಲ್ಲರೂ ಸೇರಿ ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು ಎಂಬುದು ಅವನ ವಾದ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ನಾವು ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಇಲ್ಲಿ ನಿಜವಾದ ಗೂಬೆಯ ವಿಷಯದಲ್ಲೇ ಆ ಗೂಬೆ ಕೂರಲು ಒಂದು ತಲೆಯೂ ಸಿಗುವುದಿಲ್ಲ.

ಹಾಗಾದರೆ ಗುಟ್ಟು ಮಾಡುವುದೇ ಸರಿಯೆ? ಪಕ್ಷಿವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ತಾಣ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಮರೆಮಾಡುತ್ತದೆ. ಕಾರಣ ಸ್ಪಷ್ಟ. ನಮ್ಮ ದೇಶದಲ್ಲಿ ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿಯುವವರೂ ಇದ್ದಾರೆ. ಕ್ಯಾಮೆರಾದವರಿಗೆ ತಲುಪುವ ಸುದ್ದಿ ಅವರಿಗೂ ತಲುಪುತ್ತದೆ.

ಆದರೆ ಗುಟ್ಟಿಗೂ ಒಂದು ಬೆಲೆಯಿದೆ. ಹುಲ್ಲುಗಾವಲನ್ನು ನಮ್ಮ ಕಡತಗಳು ಬಹುಕಾಲ ‘ಪಾಳುಭೂಮಿ’ ಎಂದೇ ಕರೆದಿವೆ. ಮರವಿಲ್ಲದ ಕಡೆ ಏನೂ ಇಲ್ಲ ಎಂಬ ನಂಬಿಕೆ ನಮ್ಮದು. ಹೆಸರಘಟ್ಟದಲ್ಲಿ ಚಿತ್ರನಗರಿ ಕಟ್ಟುವ ಮಾತು ಎದ್ದಿತ್ತು. ಅಲ್ಲಿ ಏನೇನು ಬದುಕುತ್ತಿದೆ ಎಂದು ಹಕ್ಕಿ ನೋಡುವವರು ವರ್ಷಗಟ್ಟಲೆ ಬರೆದಿಟ್ಟು ಹೇಳಿದ್ದರಿಂದ ಆ ನೆಲದ ಪರವಾಗಿ ವಾದಿಸುವುದು ಸಾಧ್ಯವಾಯಿತು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,000ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಗೂಬೆಗೆ ಏಕಾಂತ ಉಳಿಯುತ್ತಿತ್ತೇನೋ, ಕೂರಲು ಹುಲ್ಲು ಉಳಿಯುತ್ತಿರಲಿಲ್ಲ.

ಆದ್ದರಿಂದ ಹೇಳಬೇಕೋ ಬೇಡವೋ ಎಂಬುದಕ್ಕಿಂತ ಯಾವುದನ್ನು ಹೇಳಬೇಕು ಎಂಬ ಪ್ರಶ್ನೆಯೇ ಮುಖ್ಯ. ಬಯಲಿನ ಹೆಸರನ್ನು ಗಟ್ಟಿಯಾಗಿ ಹೇಳೋಣ. ಗೂಬೆ ಕೂತ ಪೊದೆಯನ್ನು ಹೇಳದಿರೋಣ. ಬಯಲಿನ ಸುದ್ದಿ ನೆಲವನ್ನು ಕಾಯುವವರನ್ನು ಹುಟ್ಟಿಸುತ್ತದೆ, ಪೊದೆಯ ಸುದ್ದಿ ಬರೀ ಗುಂಪನ್ನು ಕರೆತರುತ್ತದೆ.

ಇದು ಗೊತ್ತಿದ್ದ ಕೆಲವರೇ ಗೂಬೆಯನ್ನು ನೋಡುವ ಅನ್ಯಾಯವಲ್ಲವೆ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಅದಕ್ಕೆ ಇರುವ ಉತ್ತರ ಒಂದೇ: ಇತರರಿಂದ ಕೇಳುವ ಸಂಯಮವನ್ನು ಗೊತ್ತಿದ್ದವರು ಮೊದಲು ತಾವು ಪಾಲಿಸಬೇಕು. ಜಾಗ ಗೊತ್ತಿದ್ದೂ ದೂರದಲ್ಲೇ ನಿಲ್ಲಬೇಕು. ಗೂಬೆ ತಲೆಯೆತ್ತಿ ನಮ್ಮತ್ತ ದಿಟ್ಟಿಸಿದರೆ ಅದನ್ನು ಒಳ್ಳೆಯ ಫೋಟೋ ಎಂದುಕೊಳ್ಳದೆ, ನಾವು ಹೆಚ್ಚು ಹತ್ತಿರ ಬಂದಿದ್ದೇವೆ ಎಂದು ತಿಳಿದು ಹಿಂದೆ ಸರಿಯಬೇಕು. ಕಾಣದೆ ಮನೆಗೆ ಮರಳಲು ಒಪ್ಪದವರ ಪ್ರೀತಿ ಗೂಬೆಯ ಮೇಲಿನದಲ್ಲ, ತಾವು ನೋಡುವುದರ ಮೇಲಿನದು.