ಉಪ್ಪಿನ ಋಣ ಮತ್ತು ರಜೆಯ ಗೆಳೆತನ

ಕ್ರಿಸ್‌ಮಸ್ ರಜೆಗೆ ನಾವು ಮನೆಯ ನಾಲ್ಕು ಜನ ಪುಣೆಯಿಂದ ಯುರೋಪಿಗೆ ಹೋಗಿದ್ದೆವು. ಹತ್ತು ದಿನ, ಮೂರು ದೇಶ. ಪ್ರಾಜೆಕ್ಟ್ ಮ್ಯಾನೇಜರನ ಚಟ ರಜೆಯಲ್ಲೂ ಬಿಡುವುದಿಲ್ಲ. ಯಾವ ದಿನ ಯಾವ ರೈಲು, ಯಾವ ಮ್ಯೂಸಿಯಂಗೆ ಎಷ್ಟು ಗಂಟೆ ಎಂದೆಲ್ಲ ಎಕ್ಸೆಲ್ ಹಾಳೆಯಲ್ಲಿ ಬರೆದುಕೊಂಡಿದ್ದೆ. ಡಿಸೆಂಬರ್ 26ರಿಂದ ಮೂರು ರಾತ್ರಿಗಳ ಎದುರು ನನ್ನ ಹಳೆಯ ಗೆಳೆಯನ ಹೆಸರಿತ್ತು. ಅದರ ಪಕ್ಕ, ವಸತಿ ಖರ್ಚಿನ ಕಾಲಂನಲ್ಲಿ, ಸೊನ್ನೆ.

ಅವನು ಸುರತ್ಕಲ್‌ನಲ್ಲಿ ಎಂ.ಟೆಕ್ ಓದುವಾಗ ನನ್ನ ರೂಮ್‌ಮೇಟ್. ಊರು ಹರಿಹರ. ಈಗ ಹದಿನೈದು ವರ್ಷದಿಂದ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದಾನೆ. ಬಲ್ಬು ಮಾಡಲೆಂದು ಫಿಲಿಪ್ಸ್ ಕಂಪನಿ 1891ರಲ್ಲಿ ಹುಟ್ಟಿಕೊಂಡ ಊರು. ನಮ್ಮ ವೀಸಾಕ್ಕೆ ಆತಿಥ್ಯದ ಪತ್ರ ಬೇಕಿತ್ತು. ಅಲ್ಲಿ ಅದಕ್ಕೆ ಸುಮ್ಮನೆ ಸಹಿ ಹಾಕಿದರೆ ಆಗುವುದಿಲ್ಲ, ನಗರಸಭೆಯಲ್ಲಿ ಆ ಸಹಿಯನ್ನು ದೃಢೀಕರಿಸಬೇಕು. ಅವನು ಅರ್ಧ ದಿನ ರಜೆ ಹಾಕಿ ಆ ಕೆಲಸ ಮಾಡಿಸಿ ಕಳಿಸಿದ್ದ. ನಾನು 'ಥ್ಯಾಂಕ್ಸ್ ಮಗಾ' ಎಂದು ಎರಡು ಪದದ ಮೆಸೇಜು ಹಾಕಿ ಮುಂದಿನ ಸಾಲಿಗೆ ಹೋಗಿದ್ದೆ.

ಮೂರನೆಯ ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತೆವು. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಹಾಗಾಗಿ ರಾತ್ರಿ ಬಹಳ ಉದ್ದ. ಹಾಸ್ಟೆಲ್ಲಿನ ಮೆಸ್ಸು, ಸಮುದ್ರದ ದಂಡೆಯ ದೀಪಸ್ತಂಭ, ಥೀಸಿಸ್ ಕೊಡುವ ಹಿಂದಿನ ರಾತ್ರಿ ಕೈಕೊಟ್ಟ ಪ್ರಿಂಟರ್, ಎಲ್ಲ ಬಂದವು. ಗಂಟೆಯೊಳಗೆ ಹಳೆಯ ಸರಕು ಮುಗಿಯಿತು. ಇಬ್ಬರೂ ಸುಮ್ಮನಾದೆವು. ಆಗ ನಾನು ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಂತು.

"ಅಪ್ಪ ಹೋದಾಗ ನಾನು ಬರಬೇಕಿತ್ತು ಕಣೋ."

"ಬಿಡೋ, ಈಗೇನು ಅದು" ಎಂದ. ಎದ್ದು ಟೀಗೆ ಇಟ್ಟ.

ಅಂದು ನಡೆದದ್ದು ಇಷ್ಟು. ರಾತ್ರಿ ಹತ್ತಕ್ಕೆ ಫೋನ್ ಬಂತು. "ಅಪ್ಪ ಹೋಗಿಬಿಟ್ರು. ನಾನು ಬರೋದು ನಾಡಿದ್ದಾಗತ್ತೆ. ಅಮ್ಮ ಒಬ್ಬಳೇ ಇದಾಳೆ, ನೀನೇನಾದ್ರೂ ಹೋಗಕ್ಕಾಗತ್ತಾ?" ಪುಣೆಯಿಂದ ಹರಿಹರಕ್ಕೆ ಒಂದು ರಾತ್ರಿಯ ಬಸ್ಸು. ನನಗೆ ಮರುದಿನ ರಿಲೀಸ್ ಇತ್ತು. ಹಾಗೆಂದೆ. "ಹೌದಾ, ಸರಿ ಬಿಡು" ಎಂದ. ಆ ರಿಲೀಸನ್ನು ಕ್ಲೈಂಟು ಕೊನೆಗೆ ತಾನೇ ಒಂದು ವಾರ ಮುಂದಕ್ಕೆ ಹಾಕಿದ ಎಂಬುದು ಬೇರೆ ಮಾತು. ಮುಂದಕ್ಕೆ ಹಾಕದಿದ್ದರೂ ನನ್ನ ತಪ್ಪೇನೂ ಸಣ್ಣದಾಗುತ್ತಿರಲಿಲ್ಲ.

ಅಂದರೆ, ಒಂದು ರಾತ್ರಿಯ ಬಸ್ಸು ಹತ್ತಲಾರದವನು, ವಿಮಾನ ಹತ್ತಿ, ಅವನ ಮನೆಯಲ್ಲೇ ಉಳಿದು, ಹಳೆಯ ದಿನಗಳ ಮಾತಾಡಲು ಬಂದಿದ್ದೆ. ಇದಕ್ಕೆ ಗೆಳೆತನ ಎನ್ನಬಹುದೇ?

ಅರಿಸ್ಟಾಟಲ್ ತನ್ನ 'ನಿಕೊಮೇಕಿಯನ್ ಎಥಿಕ್ಸ್'ನ ಹತ್ತು ಭಾಗಗಳಲ್ಲಿ ಎರಡನ್ನು ಗೆಳೆತನದ ವಿಚಾರಕ್ಕೇ ಮೀಸಲಿಟ್ಟಿದ್ದಾನೆ. ಲಾಭಕ್ಕಾಗಿ ಗೆಳೆತನ, ಸಂತೋಷಕ್ಕಾಗಿ ಗೆಳೆತನ, ಮನುಷ್ಯನ ಒಳ್ಳೆಯತನಕ್ಕಾಗಿ ಗೆಳೆತನ ಎಂದು ಮೂರು ಬಗೆ ಹೇಳುತ್ತಾನೆ. ನನ್ನ ಎಕ್ಸೆಲ್ಲಿನ ಸೊನ್ನೆ ಮೊದಲನೆಯದು, ಅಡುಗೆಮನೆಯ ನಗು ಎರಡನೆಯದು. ದೂರವಿದ್ದ ಮಾತ್ರಕ್ಕೆ ಗೆಳೆತನ ಮುರಿಯುವುದಿಲ್ಲ, ನಡೆಯುವುದು ನಿಲ್ಲುತ್ತದೆ ಅಷ್ಟೇ. ಆದರೆ ಬಹಳ ಕಾಲ ಹಾಗೇ ಬಿಟ್ಟರೆ ಅದು ಮರೆತೇ ಹೋಗುತ್ತದೆ ಎಂದೂ ಅವನು ಹೇಳುತ್ತಾನೆ. ರಜೆಯಲ್ಲಿ ಹೋಗಿ ಭೇಟಿಯಾಗುವುದನ್ನು ಸಮರ್ಥಿಸಲು ಇಷ್ಟು ಸಾಕು ಎಂದು ಮೊದಲು ನನಗನ್ನಿಸಿತ್ತು.

ಅದೇ ಪುಸ್ತಕದಲ್ಲಿ ಅವನು ಒಂದು ಗಾದೆಯನ್ನೂ ನೆನೆಯುತ್ತಾನೆ: ಜೊತೆಗೆ ಕೂತು ಸಾಕಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬುದು ಅದರ ಸಾರ. ಅವರ ಗಾದೆಯಲ್ಲಿ ಉಪ್ಪು ಕಾಲದ ಅಳತೆ. ನಮ್ಮಲ್ಲೂ ಉಪ್ಪಿನ ಗಾದೆ ಇದೆ: ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ. ನಮಗೆ ಉಪ್ಪು ಋಣ. ಹರಿಹರದ ಆ ಮನೆಯಲ್ಲಿ ಎರಡು ದಸರಾ ರಜೆ ಕಳೆದವನು ನಾನು. ಸೆಮಿಸ್ಟರ್ ಶುರುವಾಗುವಾಗ ಅವನ ಅಮ್ಮ ಕಟ್ಟಿಕೊಡುತ್ತಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಗಳಲ್ಲಿ ಒಂದು ನನ್ನದು. ಆ ಋಣ ಮಗನಿಗಷ್ಟೇ ಸಲ್ಲಬೇಕಾದದ್ದಲ್ಲ.

ಇದಕ್ಕೊಂದು ಆಕ್ಷೇಪವಿದೆ, ನಾನೇ ನನಗೆ ಹಾಕಿಕೊಂಡದ್ದು. ಎಲ್ಲ ಗೆಳೆಯರ ಎಲ್ಲ ಕಷ್ಟಕ್ಕೂ ಓಡುತ್ತಾ ಹೋದರೆ ಕೆಲಸ ಯಾರು ಮಾಡಬೇಕು, ಹೆಂಡತಿ ಮಕ್ಕಳನ್ನು ಯಾರು ನೋಡಬೇಕು? ಇದು ಸುಳ್ಳು ನೆಪವಲ್ಲ. ನೌಕರಿಯ ಮಾತೂ ಒಂದು ಮಾತೇ, ತಂಡದವರು ಅದನ್ನು ನಂಬಿರುತ್ತಾರೆ. ಆದರೆ ಅಂದು ರಾತ್ರಿ ಗೆಳೆಯ ಎಲ್ಲರನ್ನೂ ಕೇಳಿರಲಿಲ್ಲ. ಒಂದು ರಾತ್ರಿಯಲ್ಲಿ ಅಲ್ಲಿ ತಲುಪಬಲ್ಲ, ಆ ಮನೆಯ ಅಡುಗೆಮನೆಗೆ ಕೇಳದೆ ಹೋಗಬಲ್ಲ ಒಬ್ಬನನ್ನು ಕೇಳಿದ್ದ. ರಿಲೀಸಿಗೆ ನನ್ನ ಬದಲು ಇನ್ನೊಬ್ಬ ಕೂರಬಹುದಿತ್ತು. ಅಲ್ಲಿ ನನ್ನ ಬದಲು ಬೇರೆ ಯಾರೂ ಇರಲಿಲ್ಲ.

ಮಹಾಭಾರತದ ದ್ರುಪದ, ಬಾಲ್ಯದ ಗೆಳೆಯ ದ್ರೋಣ ಬಡತನದಲ್ಲಿ ಬಂದಾಗ, ಸರಿಸಮಾನರಲ್ಲಿ ಮಾತ್ರ ಸ್ನೇಹ, ಕಾಲ ಕಳೆದಂತೆ ಅದೂ ಸವೆಯುತ್ತದೆ ಎಂದು ಮುಖಕ್ಕೇ ಹೇಳಿದ. ನಾವು ಹಾಗೆ ಹೇಳುವಷ್ಟು ಒರಟರಲ್ಲ. "ಬ್ಯುಸಿ ಇದೀನಿ ಕಣೋ" ಎನ್ನುತ್ತೇವೆ. ಬಾಗಿಲಲ್ಲಿ ನಿಂತವನಿಗೆ ಎರಡೂ ಒಂದೇ.

ಊರು ಬಿಟ್ಟ ನಮ್ಮಂಥವರ ಗೆಳೆತನಕ್ಕೆ ಹಳೆಯ ಪುಸ್ತಕಗಳಲ್ಲಿ ಕಾಣದ ಒಂದು ಕೆಲಸ ಬಂದು ಸೇರಿದೆ ಎಂದು ಈಗ ನನಗನ್ನಿಸುತ್ತದೆ. ಅದು ಒಬ್ಬರನ್ನೊಬ್ಬರು ನೋಡುವುದಲ್ಲ. ಇನ್ನೊಬ್ಬ ಇರಲಾಗದ ಜಾಗದಲ್ಲಿ ಅವನ ಬದಲು ಹೋಗಿ ನಿಲ್ಲುವುದು. ಆಸ್ಪತ್ರೆಯ ಕಾರಿಡಾರಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಸ್ಮಶಾನದಲ್ಲಿ. ಅಂಥ ದಿನಗಳು ರಜೆಯ ಪಟ್ಟಿ ನೋಡಿಕೊಂಡು ಬರುವುದಿಲ್ಲ. ರಜೆಯಲ್ಲಿ ನಾವು ಗೆಳೆಯನಿಗೆ ಕೊಡುವುದು ಉಳಿದ ಸಮಯವನ್ನು. ಅದನ್ನು ಕೊಡಬಾರದೆಂದಲ್ಲ, ಆದರೆ ಅದರಿಂದ ಬಾಕಿ ತೀರಿತು ಎಂದುಕೊಳ್ಳಬಾರದು. ಹಾಗೆಂದು ಆ ಪ್ರವಾಸ ವ್ಯರ್ಥವೂ ಅಲ್ಲ. ಅವನ ಎದುರು ಕೂರದಿದ್ದರೆ ಆ ಮಾತು ನನ್ನ ಬಾಯಿಂದ ಎಂದೂ ಬರುತ್ತಿರಲಿಲ್ಲ.

ಹೊರಡುವ ದಿನ ಅವನು ಒಂದು ಚೀಲ ಕೊಟ್ಟ. ಅಮ್ಮನಿಗೆ ಬಿಪಿ ನೋಡುವ ಮೆಷಿನ್ನು, ಒಂದು ಉಣ್ಣೆಯ ಶಾಲು. "ಪುಣೆಯಿಂದ ಕೊರಿಯರ್ ಮಾಡಿಬಿಡೋ" ಎಂದ. ಜನವರಿಯಲ್ಲಿ ಒಂದು ಬುಧವಾರ ರಜೆ ಹಾಕಿ ರಾತ್ರಿ ಬಸ್ಸಿಗೆ ಹೋದೆ. ಅಮ್ಮ ಬಾಗಿಲು ತೆಗೆದು, ಸ್ವಲ್ಪ ಹೊತ್ತು ನೋಡಿ, "ದಪ್ಪ ಆಗೀಯಲ್ಲಪ್ಪಾ" ಎಂದರು. ಮೆಷಿನ್ನಿನ ಪಟ್ಟಿ ಕಟ್ಟುವುದು ಹೇಗೆಂದು ಮೂರು ಸಲ ತೋರಿಸಿದೆ. ಅವರು ಅಂದು ಯಾರ್ಯಾರು ಬಂದಿದ್ದರು, ಯಾರು ಹೆಗಲು ಕೊಟ್ಟರು ಎಂದು ಒಬ್ಬೊಬ್ಬರ ಹೆಸರನ್ನೂ ಹೇಳಿದರು. ನಾನೇಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾನೇ ಹೇಳಿದೆ. ಕೇಳಿಸಿಕೊಂಡು, "ಕೈಕಾಲು ತೊಳಕಾ, ರೊಟ್ಟಿ ಆರ್ತಾವೆ" ಎಂದರು.

ಹೊರಡುವಾಗ ಚಟ್ನಿಪುಡಿಯ ಡಬ್ಬಿ ಕೈಗೆ ಬಂತು. ಋಣ ತೀರಿಸಲು ಹೋದವನು ಇನ್ನಷ್ಟು ಮಾಡಿಕೊಂಡು ಬಂದೆ.